ಕಂಠಪ್ಪನವರ ಹಸಿರು ಶೀಟು

ಕಟ್ಟೆಮಳಲವಾಡಿಯ ಕಂಠಪ್ಪನವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಊರಲ್ಲಿ ಬೇರೆ ಸುದ್ದಿ ಹಬ್ಬಿತ್ತು. ಅರವತ್ತೆರಡು ವಯಸ್ಸಾಗಿದ್ದರೂ ಹಿತ್ತಲಲ್ಲಿ ತೆಂಗಿನ ಗರಿ ಬಿದ್ದರೆ ಮುಂಬಾಗಿಲಲ್ಲಿ ಕೂತು ಅದು ಯಾವ ಮರದ್ದೆಂದು ಹೇಳುವ ಕಿವಿ ಅವರದು. ಐಬು ಇದ್ದದ್ದು ಕಿವಿಯಲ್ಲಲ್ಲ, ತಲೆಯ ಮೇಲಿದ್ದ ಪ್ಲಾಸ್ಟಿಕ್ ಶೀಟಿನಲ್ಲಿ.

ಕಂಠಪ್ಪನವರ ಮನೆಯ ಮುಂದೆ ನ್ಯಾಯ ಕೂರುವುದು ಅವರ ಅಪ್ಪನ ಕಾಲದಿಂದ ನಡೆದು ಬಂದದ್ದು. ಬದು ಒತ್ತಿದವರು, ಪಕ್ಕದವರ ಪೈರಿಗೆ ದನ ಬಿಟ್ಟವರು, ಅಣ್ಣನ ಜೊತೆ ಮಾತು ಬಿಟ್ಟವರು ಎಲ್ಲರೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವ ಮುಂಚೆ ಒಂದು ಸಲ ಇಲ್ಲಿಗೆ ಬಂದು ಕೂರುತ್ತಿದ್ದರು. ಅಲ್ಲಿ ವಕೀಲರಿಲ್ಲ, ವಾಯಿದೆ ಇಲ್ಲ. ಹೆಂಡತಿ ಪ್ರೇಮಮ್ಮನವರು ಕೊಡುವ ಒಂದು ಲೋಟ ಕಾಫಿ, ಎದುರಿಗೆ ಕೈಕುರ್ಚಿಯಲ್ಲಿ ಕಂಠಪ್ಪನವರು, ಅಷ್ಟೆ. ಎರಡೂ ಕಡೆಯ ಮಾತನ್ನು ಪೂರ್ತಿ ಕೇಳುವವರೆಗೆ ಅವರು ತುಟಿ ಎರಡು ಮಾಡುತ್ತಿರಲಿಲ್ಲ. ತೀರ್ಪಿನಲ್ಲಿ ಒಂದೊಂದು ಸಲ ಎಡವಟ್ಟಾಗಿದ್ದೂ ಉಂಟು, ಆದರೆ "ಕಂಠಪ್ಪನೋರು ಮೊದ್ಲು ಕೇಳ್ತಾರೆ ಕಣಪ್ಪ" ಅನ್ನುವ ಮಾತು ಹುಣಸೂರಿನಿಂದ ಪಿರಿಯಾಪಟ್ಟಣದವರೆಗೂ ಓಡಾಡಿತ್ತು. ಹೊಗೆಸೊಪ್ಪು ಬೆಳೆಯುವವರು ಆ ಸೀಮೆಯಲ್ಲಿ ಸಾವಿರ ಜನ ಇದ್ದಾರೆ, ಕೇಳುವವರು ಅವರೊಬ್ಬರೇ. ಆ ಹೆಸರೊಂದು ಉಳಿದರೆ ಮಿಕ್ಕಿದ್ದೆಲ್ಲ ಹೋಗಲಿ ಅನ್ನುವಷ್ಟು ಅದರ ಮೇಲೆ ಅವರಿಗೆ ಆಸೆ.

ಮೂರು ವರ್ಷದ ಹಿಂದೆ ಹಳೆಯ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದರು. ಮುಂದೆ ನ್ಯಾಯಕ್ಕೆಂದು ಇಪ್ಪತ್ತಡಿ ಅಂಗಳ ಬಿಟ್ಟು ಟೈಲ್ಸ್ ಹಾಕಿಸಿದರು. ಅದರ ಮೇಲೆ ಚಾವಣಿ ಆಗಬೇಕಿತ್ತು. ಹುಣಸೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಯತೀಶ್ ಅಳತೆ ತೆಗೆದುಕೊಂಡು, "ಹೆಂಚೇ ಹಾಕ್ಸಿ ಯಜಮಾನ್ರೆ, ಪ್ಲಾಸ್ಟಿಕ್ ಶೀಟು ಮಳೇಲಿ ಸದ್ದು ಮಾಡ್ತದೆ" ಎಂದ.

"ಹೆಂಚು ಅಂದ್ರೆ ಕೋತಿ ಕಾಟ ಕಣಯ್ಯ. ಇದು ಒಡಿಯಾಕಿಲ್ಲ, ತುಕ್ಕು ಇಡಿಯಾಕಿಲ್ಲ, ಬೆಳಕೂ ಬತ್ತದೆ" ಎಂದರು ಕಂಠಪ್ಪನವರು. ಅಪ್ಪಟ ಹಸಿರು ಬಣ್ಣದ್ದನ್ನೇ ಆರಿಸಿದರು. ಜೀವಮಾನದಲ್ಲಿ ಎರಡೂ ಕಡೆಯ ಮಾತು ಕೇಳದೆ ಅವರು ಕೊಟ್ಟ ಮೊದಲ ತೀರ್ಪು ಅದು. ಬಿಸಿಲು ಬಿದ್ದರೆ ಕೆಳಗೆ ಕೂತವರ ಮುಖವೆಲ್ಲ ಬಾಳೆ ಎಲೆಯ ಬಣ್ಣಕ್ಕೆ ತಿರುಗುತ್ತಿತ್ತು. ತಕರಾರಿಗೆ ಬಂದವರು ಎದುರುಬದುರು ಕೂತು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕನೆ ನಕ್ಕು, ಅರ್ಧ ಜಗಳ ಅಲ್ಲೇ ಮರೆತದ್ದೂ ಉಂಟು.

ಮಳೆ ಬಂತು ನೋಡಿ, ಬಣ್ಣ ಬಯಲಾಯಿತು. ಖಾಲಿ ಡ್ರಮ್ಮಿಗೆ ಮೂಟೆಗಟ್ಟಲೆ ಹುರಳಿ ಸುರಿದ ಹಾಗೆ ಶುರುವಾದ ಸದ್ದು, ಮಳೆ ಜೋರಾದಷ್ಟೂ ಏರಿತು. ಕೆಳಗೆ ಕೂತವರ ಬಾಯಿ ಮಾತ್ರ ಆಡುತ್ತಿತ್ತು. ಆಗ ಕಂಠಪ್ಪನವರು ಒಂದು ಮಾತು ಹೇಳಬಹುದಿತ್ತು: ತಡೀರಪ್ಪ, ಏನೂ ಕೇಳ್ತಾ ಇಲ್ಲ, ಮಳೆ ನಿಲ್ಲಲಿ. ಆದರೆ ಕೇಳುವುದಕ್ಕೇ ಹೆಸರಾದ ಮನುಷ್ಯ ಕೇಳುತ್ತಿಲ್ಲ ಎಂದು ಹೇಗೆ ಹೇಳಿಯಾನು? ಅವರು ಕಣ್ಣು ಅರೆ ಮುಚ್ಚಿ, ಗಂಭೀರವಾಗಿ ತಲೆಯಾಡಿಸಿದರು. ಮಾತಾಡಿದವನಿಗೆ ಸಮಾಧಾನವಾಯಿತು. ಎದುರು ಪಕ್ಷದವನು ಕೂಗಿದಾಗ ಅವನಿಗೂ ತಲೆಯಾಡಿಸಿದರು, ಅವನಿಗೂ ಸಮಾಧಾನವಾಯಿತು. ಇಬ್ಬರೂ ಕೈಮುಗಿದು ಹೋದರು. ಇದೇನು ಇಷ್ಟು ಸಲೀಸು ಅಂತ ಕಂಠಪ್ಪನವರಿಗೇ ಆಶ್ಚರ್ಯ. ಹೀಗೆ ಎರಡು ಮಳೆಗಾಲ ದಾಟಿತು. ನಾಚಿಕೆಯ ವಿಷಯವೆಂದರೆ, ಆ ಎರಡು ವರ್ಷ ಅವರ ಹೆಸರು ಮೊದಲಿಗಿಂತ ಹೆಚ್ಚಾಯಿತು.

ಮೂರನೇ ಮಳೆಗಾಲ, ಅಂದರೆ ಈ ಸಲದ ಜುಲೈನಲ್ಲಿ, ದಾಸಯ್ಯ ಮತ್ತು ರಘು ಎಂಬಿಬ್ಬರು ಗಾಡಿ ದಾರಿಯ ತಕರಾರು ತಂದರು. ದಾಸಯ್ಯನ ಹೊಲದ ನಡುವೆ ರಘುವಿನ ಬ್ಯಾರನ್ನಿಗೆ, ಅಂದರೆ ಸೌದೆ ಉರಿಸಿ ಹೊಗೆಸೊಪ್ಪು ಒಣಗಿಸುವ ಮನೆಗೆ, ದಾರಿ. ದಾರಿ ಮುಚ್ಚಬೇಕು ಎಂದು ಅವನು, ಬಿಡಬೇಕು ಎಂದು ಇವನು. ಮಳೆ ಧೋ ಎಂದು ಸುರಿಯುತ್ತಿತ್ತು. ಕಂಠಪ್ಪನವರು ಇಬ್ಬರಿಗೂ ಸಮನಾಗಿ ತಲೆಯಾಡಿಸಿ ಕಳಿಸಿದರು. ಮಾರನೆಯ ಬೆಳಿಗ್ಗೆ ದಾಸಯ್ಯ ತೀರ್ಪಿನ ಪ್ರಕಾರ ದಾರಿಗೆ ಅಡ್ಡಲಾಗಿ ಕಾಲುವೆ ತೋಡಿದ. ರಘು ತೀರ್ಪಿನ ಪ್ರಕಾರ ಟ್ರ್ಯಾಕ್ಟರ್ ತುಂಬ ಸೌದೆ ಹೇರಿಕೊಂಡು ಬಂದ. ಟ್ರ್ಯಾಕ್ಟರಿನ ಮುಂದಿನ ಚಕ್ರ ಕಾಲುವೆಯಲ್ಲಿ ಕೂತಿತು. ಇಬ್ಬರೂ ಒಬ್ಬರ ಅಂಗಿಯನ್ನು ಒಬ್ಬರು ಹಿಡಿದುಕೊಂಡೇ ಕಂಠಪ್ಪನವರ ಮನೆಗೆ ಬಂದು, "ನೀವೇ ಒಪ್ಪಿದ್ರಲ್ಲ, ಹೇಳ್ರೀ ಇವುನ್ಗೆ" ಎಂದರು.

ಅಂದೇ ಮಧ್ಯಾಹ್ನ ಊರೆಲ್ಲ ಸುದ್ದಿ. ಕಂಠಪ್ಪನವರಿಗೆ ಕಿವಿ ಹೋಗಿದೆಯಂತೆ. ಮುಂದಿನ ವಾರದಿಂದ ಜನ ಮೇಲಿನ ಬೀದಿಯ ಶಿವನಂಜಪ್ಪನವರ ಜಗಲಿಗೆ ಹೋಗಿ ಕೂರತೊಡಗಿದರು. ಈ ಶಿವನಂಜಪ್ಪನವರಿಗೆ ನ್ಯಾಯದ ಗಂಧಗಾಳಿ ಇರಲಿಲ್ಲ. ಇದ್ದದ್ದು ಹಳೇ ಹೆಂಚು. ಎಂಥ ಮಳೆಯಲ್ಲೂ ಅದರಡಿ ಪಿಸುಮಾತು ಕೇಳುತ್ತಿತ್ತು. ಕಂಠಪ್ಪನವರು ತಮ್ಮ ಹಸಿರು ಅಂಗಳದಲ್ಲಿ ಒಬ್ಬರೇ ಕೂತು, ಛತ್ರಿ ಹಿಡಿದುಕೊಂಡು ತಮ್ಮ ಮನೆ ದಾಟಿ ಹೋಗುವ ತಕರಾರುಗಳನ್ನು ನೋಡಿದರು.

"ಅದನ್ನ ಕಿತ್ತಾಕ್ಸಿ ಹೆಂಚು ಹಾಕ್ಸಿ" ಎಂದರು ಪ್ರೇಮಮ್ಮನವರು.

"ಕಿತ್ತಾಕ್ಸಿದ್ರೆ ನಾನೇ ತೆಪ್ಪು ಅಂತ ಒಪ್ಕಂಡಂಗೆ ಆಯ್ತದೆ. ಸದ್ದು ಅಡಗಿಸ್ತೀನಿ ಬುಡು" ಎಂದರು ಕಂಠಪ್ಪನವರು.

ಯತೀಶನನ್ನು ಕರೆಸಿದರು. ಅವನು ನಾನು ಅವತ್ತೇ ಹೇಳಿದ್ದೆ ಅನ್ನುವ ಮುಖ ಮಾಡಿಕೊಂಡು ಬಂದ. ಪಂಕ್ಚರ್ ಅಂಗಡಿಯಿಂದ ಹಳೇ ಟ್ಯೂಬುಗಳನ್ನು ತಂದು, ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಕಬ್ಬಿಣದ ಪೈಪಿಗೂ ಶೀಟಿಗೂ ನಡುವೆ ಕೂರಿಸಿದ. ಪ್ರತಿ ಸ್ಕ್ರೂ ಬಿಚ್ಚಿ ಕೆಳಗೆ ರಬ್ಬರ್ ಬಿಲ್ಲೆ ಇಟ್ಟು ಮತ್ತೆ ಬಿಗಿದ. ಆಮೇಲೆ ಪರೀಕ್ಷೆ. ಯತೀಶ್ ತಾರಸಿಯ ಮೇಲೆ ನಿಂತು ಬೋರ್‌ವೆಲ್ ಪೈಪಿನಿಂದ ಶೀಟಿನ ಮೇಲೆ ನೀರು ಹಾರಿಸಬೇಕು, ಪ್ರೇಮಮ್ಮನವರು ಕೆಳಗೆ ಕೂತು ಮಾತಾಡಬೇಕು, ಕಂಠಪ್ಪನವರು ಕುರ್ಚಿಯಲ್ಲಿ ಕೂತು ಕೇಳಬೇಕು.

"ಏನ್ ಮಾತಾಡ್ಲಿ?"

"ಏನಾದ್ರೂ ಮಾತಾಡು. ತಕರಾರು ಹೇಳು."

ಪ್ರೇಮಮ್ಮನವರು ಸೆರಗು ಸರಿಮಾಡಿಕೊಂಡು, "ಬಚ್ಚಲು ಮನೆ ಬಾಗ್ಲು ಮುರ್ದು ಎರಡು ವರ್ಷ ಆಯ್ತು, ಸೀರೆ ಅಡ್ಡ ಕಟ್ಕಂಡು ಸ್ನಾನ ಮಾಡ್ತಾ ಇವ್ನಿ" ಎಂದರು.

"ಅದು ಬುಡು, ಬೇರೆ ಹೇಳು" ಎಂದರು ಕಂಠಪ್ಪನವರು. ಅಂದಮೇಲೆ ಪೈಪಿನ ನೀರಿನ ಸದ್ದಿನಲ್ಲಿ ಮಾತು ಸ್ವಲ್ಪ ಕೇಳುತ್ತಿತ್ತು ಎಂದಾಯಿತು. ಆದರೆ ಪೈಪಿನ ನೀರು ಬೇರೆ, ಮಳೆ ಬೇರೆ. ಎರಡು ದಿನ ಬಿಟ್ಟು ಮಳೆ ಬಂದಾಗ ತಿಳಿದದ್ದು ಇಷ್ಟು: ಗಾಳಿಗೆ ಶೀಟು ಪಟಪಟ ಅನ್ನುವುದು ನಿಂತಿದೆ, ಹನಿಯ ಸದ್ದು ಇದ್ದಹಾಗೇ ಇದೆ. ಹನಿ ಶೀಟಿಗೆ ನೇರವಾಗಿ ಬಡಿಯದ ಹಾಗೆ ಮೇಲೆ ಏನಾದರೂ ಮೆತ್ತನೆಯದು ಬೇಕು ಎಂದು ಯತೀಶ್ ಹೇಳಿ, ತನ್ನ ಪಾಡಿಗೆ ತಾನು ಹೋದ.

ಮೆತ್ತನೆಯದು ಅಂದರೆ ಹೊಗೆಸೊಪ್ಪು ಬೆಳೆಯುವವನಿಗೆ ಹೊಳೆಯುವುದು ಒಂದೇ, ಗೋಣಿತಟ್ಟು. ಒಣಗಿದ ಸೊಪ್ಪನ್ನು ಬೇಲು ಕಟ್ಟಿ ಹರಾಜಿಗೆ ಸಾಗಿಸುವ ಆ ತಟ್ಟು ಬ್ಯಾರನ್ನಿನ ಮೂಲೆಯಲ್ಲಿ ಹತ್ತು ವರ್ಷದ್ದು ಬಿದ್ದಿತ್ತು. ಕಂಠಪ್ಪನವರು ಸಂತೋಷದಿಂದ ಅದನ್ನೆಲ್ಲ ಹೊರಿಸಿ ತಂದು ಶೀಟಿನ ಉದ್ದಕ್ಕೂ ಹಾಸಿ, ಹಗ್ಗದಲ್ಲಿ ಬಿಗಿದರು. ಮಳೆ ಮೋಡ ಕಂಡ ಕೂಡಲೇ ದಾರಿಯಲ್ಲಿ ಹೋಗುತ್ತಿದ್ದ ನಾಲ್ಕು ಜನರನ್ನು ಕೂಗಿ ಕರೆದು ಕೂರಿಸಿದರು. ಸದ್ದು ನಿಜವಾಗಿಯೂ ಅರ್ಧ ಇಳಿದಿತ್ತು. "ಕೇಳ್ತದಾ? ಕೇಳ್ತದಾ?" ಎಂದು ಕಂಠಪ್ಪನವರು ಒಬ್ಬೊಬ್ಬರನ್ನೇ ಕೇಳುತ್ತಿರುವಾಗ ಸ್ಕ್ರೂ ತೂತುಗಳಿಂದ ಕಂದು ನೀರು ತೊಟ್ಟಿಕ್ಕತೊಡಗಿತು. ಹತ್ತು ವರ್ಷದ ಹೊಗೆಸೊಪ್ಪಿನ ಕಷಾಯ. ಬಿಳಿ ಅಂಗಿಗಳ ಮೇಲೆ ಬಿತ್ತು, ಕಾಫಿ ಲೋಟದೊಳಗೆ ಬಿತ್ತು. ನಾಲ್ವರೂ ಸಾಲಾಗಿ ಸೀನಿದರು. ಅವರಲ್ಲೊಬ್ಬ ತಲೆ ಸುತ್ತಿ, ಕಂಬ ಹಿಡಿದುಕೊಂಡು ಕೂತ. ನ್ಯಾಯ ಕೇಳಲು ಹೋದರೆ ನಶ್ಯ ಹಾಕಿ ಕಳಿಸುತ್ತಾರೆ ಎಂದು ಶಿವನಂಜಪ್ಪನವರ ಜಗಲಿಯಲ್ಲಿ ಎರಡು ದಿನ ನಕ್ಕರಂತೆ.

ಇಷ್ಟಾದ ಮೇಲೆ ಬೇರೆಯವರಾದರೆ ಹೆಂಚಿನ ಅಂಗಡಿಗೆ ಹೋಗುತ್ತಿದ್ದರು. ಕಂಠಪ್ಪನವರು ಹೋಗಲಿಲ್ಲ. ಗೋಣಿತಟ್ಟನ್ನೆಲ್ಲ ಕೆರೆಗೆ ಹೊರಿಸಿ ಮೂರು ಸಲ ಒಗೆಸಿದರು. ಎರಡು ಪದರದ ನಡುವೆ ತೆಂಗಿನ ನಾರು ತುಂಬಿ, ದಬ್ಬಳದಲ್ಲಿ ಹುರಿ ಪೋಣಿಸಿ, ತಾವೇ ಹೊಲಿಯಲು ಕೂತರು. ಮೂವತ್ತು ವರ್ಷ ಬೇಲು ಹೊಲಿದ ಕೈ ಅದು, ಹೊಲಿಗೆ ಇರುವೆ ಸಾಲಿನ ಹಾಗೆ ಬಂತು. ಸ್ಕ್ರೂ ತೂತುಗಳಿಗೆ ಯತೀಶ್ ಅಂಟು ಮೆತ್ತಿದ. "ಮಳೆರಾಯ್ನಿಗೆ ಆಸಿಗೆ ಒಲೀತಾವ್ರೆ ನಮ್ ಯಜಮಾನ್ರು" ಎಂದು ಪ್ರೇಮಮ್ಮನವರು ಪಕ್ಕದ ಮನೆಯವರಿಗೆ ಹೇಳಿದರು. ಎಂಟು ದಿನದ ಹೊಲಿಗೆ ಮುಗಿದು ಹಾಸಿಗೆ ಚಾವಣಿ ಏರಿದಾಗ ಗೌರಿ ಹಬ್ಬಕ್ಕೆ ಒಂದೇ ದಿನ ಉಳಿದಿತ್ತು.

ಕಂಠಪ್ಪನವರ ಲೆಕ್ಕಾಚಾರ ಹೀಗಿತ್ತು: ಹಬ್ಬದ ದಿನ ಊರೆಲ್ಲ ಮನೆಯಲ್ಲಿರುತ್ತದೆ. ಎಲ್ಲರನ್ನೂ ಕಾಫಿಗೆ ಕರೆಯುವುದು. ಮಳೆ ಬರುತ್ತದೆ. ಎಲ್ಲರೂ ಕೇಳುತ್ತಾರೆ, ಕಂಠಪ್ಪನವರಿಗೂ ಕೇಳುತ್ತದೆ ಎಂದು ಎಲ್ಲರೂ ನೋಡುತ್ತಾರೆ. ಮುಂದಿನ ವಾರದಿಂದ ಶಿವನಂಜಪ್ಪನ ಹೆಂಚಿನಡಿ ಗುಬ್ಬಚ್ಚಿಗಳು ಮಾತ್ರ ಕೂರುತ್ತವೆ. ಆ ಶಿವನಂಜಪ್ಪನವರಿಗೂ ಖುದ್ದಾಗಿ ಹೋಗಿ ಹೇಳಿ ಬಂದರು.

ಅದೇ ದಿನ ಹಂಪಾಪುರದಿಂದ ತಂಗಿ ದೊಡ್ಡತಾಯಮ್ಮನೂ ಬರುವವಳಿದ್ದಳು, ಗೌರಿ ಬಾಗಿನಕ್ಕೆ. ಮದುವೆಯಾದಾಗಿನಿಂದ ಒಂದು ವರ್ಷವೂ ಅವಳು ತಪ್ಪಿಸಿದವಳಲ್ಲ. ಬೆಳಿಗ್ಗೆಯ ಬಸ್ಸಿಗೆ ಬರುವುದು, ತವರಿನ ಮೊರದ ಬಾಗಿನ ತೆಗೆದುಕೊಳ್ಳುವುದು, ಊಟ ಮಾಡಿ ಅಣ್ಣನ ಹತ್ತಿರ ಅಂಗಳದಲ್ಲಿ ಒಂದು ಗಳಿಗೆ ಕೂತು ಸಂಜೆಯ ಬಸ್ಸಿಗೆ ಹೋಗುವುದು. ಶೀಟು ಬಂದ ಮೇಲಿನ ಹಬ್ಬಗಳಲ್ಲೆಲ್ಲ ಅವಳು ಕೂತ ಹೊತ್ತಿಗೇ ಮಳೆ ಹಿಡಿಯುತ್ತಿತ್ತು. ಏನೋ ಹೇಳುತ್ತಿದ್ದಳು. ಶುಂಠಿ ಬೆಳೆ, ಮೊಮ್ಮಕ್ಕಳು, ಇನ್ನೇನಿರುತ್ತದೆ ಎಂದು ಕಂಠಪ್ಪನವರು ತಲೆಯಾಡಿಸಿ, ಕೊನೆಗೆ ಬೈಕು ತೆಗೆದು ಬಸ್ಸಿಗೆ ಬಿಟ್ಟು ಬರುತ್ತಿದ್ದರು. ಅವಳ ಗಂಡ, ಕಂಠಪ್ಪನವರ ಭಾವ, ಹಂಪಾಪುರದಲ್ಲಿ ದೊಡ್ಡ ಕುಳ. ಆ ಸಂಬಂಧ ನೋಡಿ ಮಾಡಿದ್ದು ತಾನೇ ಎಂದು ಕಂಠಪ್ಪನವರಿಗೆ ಇವತ್ತಿಗೂ ಹೆಮ್ಮೆ.

ಹಬ್ಬದ ಬೆಳಿಗ್ಗೆ ಮೋಡ ಕಟ್ಟಿತು, ಆದರೆ ಹನಿ ಬೀಳಲಿಲ್ಲ. ಜನ ಬಂದರು. ದಾಸಯ್ಯ ಒಂದು ಮೂಲೆಗೆ, ರಘು ಇನ್ನೊಂದು ಮೂಲೆಗೆ ಕೂತರು. ಇಸ್ತ್ರಿ ಮಾಡಿದ ಪಂಚೆ ಉಟ್ಟು ಶಿವನಂಜಪ್ಪನವರೂ ಬಂದು ನಡುಮಧ್ಯೆ ಕೂತರು. ಒಂದು ಸುತ್ತು ಕಾಫಿ ಆಯಿತು, ಎರಡನೇ ಸುತ್ತೂ ಆಯಿತು. ಕಂಠಪ್ಪನವರು ಅಂಗಳದ ಅಂಚಿಗೆ ಹೋಗಿ ಆಕಾಶ ನೋಡುವುದು, ಬಂದು ಕೂರುವುದು, ಮತ್ತೆ ಹೋಗುವುದು.

"ಮೂರು ವರ್ಷ ಬರ್ಬ್ಯಾಡ ಅಂತ ಬೈದ್ರಿ. ಈಗ ಬಾ ಅಂದ್ರೆ ಅದಕ್ಕೂ ಮಾನ ಮರ್ವಾದೆ ಇಲ್ವಾ?" ಎಂದು ಪ್ರೇಮಮ್ಮನವರು ಲೋಟ ಎತ್ತಿಕೊಂಡು ಹೋದರು.

ದೊಡ್ಡತಾಯಮ್ಮ ಬಂದು ಆಗಲೇ ಬಾಗಿನವೂ ಆಗಿತ್ತು. ಒಳಗೆ ಹೆಂಗಸರು ತುಂಬಿದ್ದರು. ಅವಳು ಮೊರವನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದು ಅಣ್ಣನ ಕುರ್ಚಿಯ ಪಕ್ಕ ನಿಂತಳು. ಐವತ್ತನಾಲ್ಕರ ಹೆಂಗಸು, ಎಂದಿಗಿಂತ ಬಡಕಲಾಗಿದ್ದಳು. ಅಷ್ಟು ಜನರನ್ನು ನೋಡಿ ಹಿಂದಕ್ಕೆ ಹೋಗುವುದೋ ಬೇಡವೋ ಎಂದು ಅನುಮಾನಿಸುತ್ತಿರುವಾಗಲೇ ಮಳೆ ಬಂತು.

ಬಂತು ಅಂದರೆ ಎಂಥ ಮಳೆ. ಬೀದಿ ಕಾಣದ ಹಾಗೆ ಸುರಿಯಿತು. ಅಂಗಳದಲ್ಲಿದ್ದವರೆಲ್ಲ ಒಟ್ಟಿಗೆ ತಲೆ ಎತ್ತಿ ಚಾವಣಿ ನೋಡಿದರು. ಮೇಲಿನಿಂದ ಯಾರೋ ರಾಗಿ ಹಿಟ್ಟು ಜರಡಿ ಹಿಡಿದಷ್ಟು ಸದ್ದು, ಅಷ್ಟೇ. ಒಂದು ತೊಟ್ಟು ಕೂಡ ಒಳಗೆ ಬೀಳಲಿಲ್ಲ. ಶಿವನಂಜಪ್ಪನವರು ಎರಡು ಗಳಿಗೆ ಕಿವಿಗೊಟ್ಟು, ಒಲ್ಲದ ಮನಸ್ಸಿನಿಂದ ತುಟಿ ತೆರೆಯುವುದರಲ್ಲಿದ್ದರು. ಕಂಠಪ್ಪನವರ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು.

ದೊಡ್ಡತಾಯಮ್ಮನಿಗೆ ಹಾಸಿಗೆಯ ಕಥೆ ಯಾರು ಹೇಳಿದ್ದರು? ಮಳೆ ಶುರುವಾದದ್ದನ್ನು ಅವಳು ಕಣ್ಣಿನಲ್ಲಿ ಕಂಡಳು, ಕಂಡದ್ದೇ ಹಳೆಯ ಸದ್ದೂ ಇದೆ ಎಂದುಕೊಂಡಳು. ಅಣ್ಣನಿಗೆ ಕಿವಿ ಹೋಗಿದೆಯಂತೆ ಎಂಬ ಸುದ್ದಿ ಹಂಪಾಪುರಕ್ಕೂ ಮುಟ್ಟಿತ್ತು. ಹಿಂದಿನ ವರ್ಷಗಳಲ್ಲಿ ಮೆಲ್ಲಗೆ ಹೇಳಿ ಕೆಟ್ಟಿದ್ದಳು, ಈ ಸಲ ಕೂಗಿಯಾದರೂ ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು. ಮಳೆಯ ಸದ್ದಿನಲ್ಲಿ ಬೇರೆ ಯಾರಿಗೂ ಕೇಳುವುದಿಲ್ಲ ಎಂಬ ಧೈರ್ಯವೂ ಇತ್ತು. ಅಣ್ಣನ ಕಿವಿಯ ಹತ್ತಿರ ಬಗ್ಗಿ, ಇದ್ದ ಉಸಿರನ್ನೆಲ್ಲ ಎಳೆದುಕೊಂಡು ಕೂಗಿದಳು.

"ಅಣ್ಣ, ನಾನು ವಾಪಸ್ ಅಂಪಾಪುರಕ್ಕೆ ಓಗಾಕಿಲ್ಲ. ಅವ್ರು ಒಡೀತಾರೆ ಕಣಣ್ಣ. ಓದ್ ವರ್ಷ ಕೈ ಮುರ್ದಿದ್ದು ನಾನು ಜಾರಿ ಬಿದ್ದಲ್ಲ. ನಾನಿಲ್ಲೇ ಇರ್ತೀನಿ. ಕೊಟ್ಟಿಗೆ ಪಕ್ಕದ ಕೋಣೆ ಆದ್ರೂ ಸಾಕು."

ಆ ಮಾತು ಅಂಗಳ ದಾಟಿ ಎದುರು ಮನೆಯ ಬಾಗಿಲವರೆಗೂ ಹೋಯಿತು. ಎದುರು ಮನೆಯವರು ಹೊರಗೆ ಬಂದು ನಿಂತರು. ಪ್ರೇಮಮ್ಮನವರು ಹೊಸ್ತಿಲಲ್ಲಿ ತಟ್ಟೆ ಹಿಡಿದುಕೊಂಡು ನಿಂತುಬಿಟ್ಟರು. ದೊಡ್ಡತಾಯಮ್ಮ ತಲೆ ಎತ್ತಿ ನೋಡಿದಳು. ಎಲ್ಲರ ಮುಖವೂ ತನ್ನ ಕಡೆಗೇ ಇತ್ತು. ಆಮೇಲೆ ಚಾವಣಿ ನೋಡಿದಳು.

"ಸದ್ದೇ ಇಲ್ವಲ್ಲ" ಎಂದಳು.

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಅವಳು ಮೊರವನ್ನು ನೆಲದ ಮೇಲೆ ಇಟ್ಟಳು. ಈಗ ಸಾಧಾರಣ ದನಿಯಲ್ಲೇ ಹೇಳಿದಳು: "ಫೋನು ಅವ್ರ ಜೇಬಲ್ಲಿರ್ತದೆ. ಅತ್ಗೆ ಮುಂದೆ ಯೋಳಕ್ಕೆ ನಾಚ್ಕೆ. ಅದ್ಕೇ ಪ್ರತಿ ಸರ್ತಿ ಇಲ್ಲೇ ಕೂತ್ಕಂಡು ಯೋಳ್ತಿದ್ದೆ. ನೀನು ಸರಿ ಸರಿ ಅಂತ ತಲೆ ಆಡಿಸ್ತಿದ್ದೆ, ಆಮ್ಯಾಲೆ ಬೈಕ್ ಕೀ ತಗತಿದ್ದೆ. ನಮ್ಮಣ್ಣ ಎಲ್ಲಾ ಕೇಳಿಸ್ಕಂಡೇ ಕಳಿಸ್ತಾವ್ನೆ, ಅದೇ ನ್ಯಾಯ ಇರ್ಬೇಕು ಅಂತ ಓಯ್ತಿದ್ದೆ."

ಕಂಠಪ್ಪನವರಿಗೆ ಆಗ ಹೊಳೆಯಿತು. ಕಳೆದ ವರ್ಷ ಇದೇ ಜಾಗದಲ್ಲಿ, ಕೈಗೆ ಬಿಳಿ ಪಟ್ಟಿ ಕಟ್ಟಿಕೊಂಡು ಕೂತು ಅವಳು ಏನೋ ಹೇಳಿದ್ದಳು. ಅಳುತ್ತಿದ್ದಾಳೆ ಅನ್ನಿಸಿತ್ತು. ತವರು ಬಿಟ್ಟು ಹೋಗುವಾಗ ಹೆಂಗಸರು ಅಳುವುದು ಇದ್ದದ್ದೇ ಎಂದುಕೊಂಡಿದ್ದರು. ಬಸ್ಸಿನ ಮೆಟ್ಟಿಲು ಹತ್ತಲಾಗದೆ ತಡವರಿಸಿದಾಗ ತಾವೇ ತೋಳು ಹಿಡಿದು ಹತ್ತಿಸಿದ್ದರು. ಆ ನೆನಪಿಗೆ ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಈಗ ಏನು ಹೇಳುವುದು? ಕೇಳಿಸಿತ್ತು ಎಂದರೆ, ಏಟು ತಿನ್ನುವ ತಂಗಿಯನ್ನು ಗೊತ್ತಿದ್ದೂ ಬಸ್ಸು ಹತ್ತಿಸಿದ ಹಾಗಾಯಿತು. ಕೇಳಿಸಿರಲಿಲ್ಲ ಎಂದರೆ, ಇಷ್ಟು ವರ್ಷ ಕೇಳಿದ ಹಾಗೆ ನಟಿಸಿದೆ ಎಂದು ಶಿವನಂಜಪ್ಪನ ಎದುರಿಗೇ ಒಪ್ಪಿಕೊಂಡ ಹಾಗಾಯಿತು. ದಾಸಯ್ಯ ನೋಡುತ್ತಿದ್ದ, ರಘು ನೋಡುತ್ತಿದ್ದ. ಮೊದಲು ಕೇಳುವ ಕಂಠಪ್ಪನವರು ಅನ್ನುವ ಹೆಸರು ಯಾವ ಕಡೆಗೆ ಹೋದರೂ ಉಳಿಯುತ್ತಿರಲಿಲ್ಲ. ಒಂದು ದೊಡ್ಡ ಗುಡುಗಾದರೂ ಬರಬಾರದೇ ಎಂದು ಅವರು ಹೊರಗೆ ನೋಡಿದರು. ಮಳೆ ತನ್ನ ಪಾಡಿಗೆ ಹಾಸಿಗೆಯ ಮೇಲೆ ಮೆತ್ತಗೆ ಸುರಿಯುತ್ತಿತ್ತು.

ಕೊನೆಗೆ ತಲೆ ತಗ್ಗಿಸಿ, ಗಂಟಲಲ್ಲೇ ಹೇಳಿದರು: "ಹಬ್ಬ ಕಳೀಲಿ ಕಣವ್ವ. ನಾನು ಭಾವನ್ ಕುಟೆ ಒಂದ್ ಮಾತು ಆಡ್ತೀನಿ. ಆಮ್ಯಾಲೆ ನೋಡಾಣ."

ಮೂಲೆಯಲ್ಲಿ ಕೂತಿದ್ದ ದಾಸಯ್ಯನಿಗೆ ಅದು ಕೇಳಿಸಿತು. ಹೊಸ್ತಿಲಲ್ಲಿದ್ದ ಪ್ರೇಮಮ್ಮನವರಿಗೂ ಕೇಳಿಸಿತು. ಒಂದು ಮೊಳ ದೂರದಲ್ಲಿ ನಿಂತಿದ್ದ ದೊಡ್ಡತಾಯಮ್ಮ ಅಣ್ಣನ ಮುಖವನ್ನೇ ದಿಟ್ಟಿಸಿ ನೋಡಿದಳು.

"ಏನಂದೆ ಅಣ್ಣ?" ಎಂದಳು. "ಕೇಳಿಸ್ನಿಲ್ಲ."

ಕಂಠಪ್ಪನವರು ತಂಗಿಯ ಮುಖ ನೋಡಿದರು. ಅವಳು ಕಾಯುತ್ತಿದ್ದಳು. ತಮಗೆ ಇನ್ನೊಂದು ಸಲ ಮಾತಾಡಲು ಬಿಡುತ್ತಿದ್ದಾಳೆ ಎಂದು ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕುರ್ಚಿಯ ಕೈ ಹಿಡಿದುಕೊಂಡು ಎದ್ದು ನಿಂತರು. ಸಾಲು ಸಾಲಾಗಿ ಕೂತವರನ್ನು ಒಮ್ಮೆ ನೋಡಿ, ಬೀದಿಯವರಿಗೂ ತಿಳಿಯುವ ಹಾಗೆ ಗಟ್ಟಿಯಾಗಿ ಹೇಳಿದರು.

"ನಂಗೆ ಕೇಳಿಸಿರ್ನಿಲ್ಲ ಕಣವ್ವ. ಒಂದ್ ವರ್ಷನೂ ಕೇಳಿಸಿರ್ನಿಲ್ಲ. ಈ ಶೀಟಿನಡಿ ಮಳೆಗಾಲ್ದಲ್ಲಿ ಯಾರ ಮಾತೂ ನಂಗೆ ಕೇಳಿಸಿಲ್ಲ, ಸುಮ್ನೆ ತಲೆ ಆಡಿಸ್ಕಂಡು ಕೂತಿದ್ದೆ. ನೀನಿನ್ನು ಎಲ್ಲೂ ಓಗ್ಬ್ಯಾಡ. ಇಲ್ಲೇ ಇರು."

ಶಿವನಂಜಪ್ಪನವರು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. ದಾಸಯ್ಯನೂ ರಘುವೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆ ಹೊತ್ತಿಗೆ ಪ್ರೇಮಮ್ಮನವರು ಅಂಗಳಕ್ಕಿಳಿದು ಬಂದು, ನೆಲದ ಮೇಲಿದ್ದ ಬಾಗಿನದ ಮೊರವನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ನಾದಿನಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.